ಒಂದೇ ಸಾಲಿನಲ್ಲಿ ಬರೆಯುತ್ತಿದ್ದ ಭಾವ

ಕೀಲಿಮಣೆಯ ಮೇಲೆ ಕೈಯಿಟ್ಟ ಕೂಡಲೇ ನಮ್ಮ ಭಾವನ ಬಲಗೈ ಹೆಬ್ಬೆರಳು ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಉಳಿದ ಬೆರಳುಗಳು ಅತ್ತಿತ್ತ ಓಡಾಡುತ್ತಿದ್ದರೂ ಅದೊಂದು ಮಾತ್ರ, ಕಾದ ಹೆಂಚಿಗೆ ಎಲ್ಲಿ ತಗಲೀತೋ ಎಂಬ ಎಚ್ಚರದಲ್ಲಿರುವಂತೆ, ಗಾಳಿಯಲ್ಲೇ ಇರುತ್ತಿತ್ತು. ಅದರ ಕೆಳಗಿದ್ದುದು ಸ್ಪೇಸ್ ಬಾರ್, ಎಂದರೆ ಪದಗಳ ನಡುವೆ ಖಾಲಿ ಜಾಗ ಬಿಡುವ ಉದ್ದನೆಯ ಕೀಲಿ. ಒತ್ತಲೇಬೇಕಾದ ಕಡೆ ಹೆಬ್ಬೆರಳು ಇಳಿದು, ಮುಟ್ಟಿ, ಮತ್ತೆ ಮೇಲೇರುತ್ತಿತ್ತು.

ಅವರು ನನ್ನ ಅಕ್ಕನ ಗಂಡ. ತುಮಕೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದವರು. ಯಾವ ವರ್ಷ ನಿವೃತ್ತರಾದರೆಂಬ ವಿಷಯದಲ್ಲಿ ನನ್ನ ದಿನಚರಿಗೂ ಅಕ್ಕನ ನೆನಪಿಗೂ ಒಂದು ವರ್ಷದ ಅಂತರವಿದೆ. ಶಾಸನಗಳ ಕಾಲನಿರ್ಣಯದಲ್ಲಿಯೇ ಉದ್ಯೋಗಜೀವನ ಕಳೆದ ನಾನು ಲಿಖಿತ ಆಧಾರವನ್ನೇ ನೆಚ್ಚುವವನು. ಆದರೆ ನನ್ನ ನಮೂದು ಬೀಳ್ಕೊಡುಗೆಯ ಊಟದ ದಿನ ಬರೆದದ್ದು; ಆ ಊಟವೇ ನಿವೃತ್ತಿಯ ಮರುವರ್ಷ ನಡೆಯಿತೆಂಬುದು ವಿಚಾರಿಸಿದಾಗ ತಿಳಿಯಿತು. ಅಕ್ಕನ ಲೆಕ್ಕವೇ ಸರಿ.

ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಕೆರೆ ಏರಿಗಳ ಮೇಲೂ ಗುಡಿಗಳ ಬದಿಯಲ್ಲೂ ನಿಂತಿರುವ ಶಾಸನಗಳ ಪಾಠವನ್ನು ನಾನು ಸೇವಾವಧಿಯುದ್ದಕ್ಕೂ ಸಂಗ್ರಹಿಸಿದ್ದೆ. ಅದನ್ನೊಂದು ವೆಬ್‌ಸೈಟ್ ಮಾಡಬೇಕೆಂದು ಹಟ ಹಿಡಿದವರು ಭಾವ.

"ಪುಸ್ತಕ ಮಾಡಿದ್ರೆ ನಿನ್ನಂಥೋರೇ ನಾಕು ಜನ ಓದ್ತಾರೆ. ಕಲ್ಲು ಇರೋ ಊರಿನವ್ರು ಓದೋದು ಬೇಡ್ವೇನಯ್ಯಾ? ಏರಿ ಮೇಲೆ ನಿಂತ್ಕೊಂಡು ಫೋನ್ ತೆಗೆದ್ರೆ ಅವರ ಕಲ್ಲು ಏನು ಹೇಳ್ತದೆ ಅಂತ ಗೊತ್ತಾಗ್ಬೇಕು" ಎಂದರು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆ ಹುಟ್ಟಿ ಬೆಳೆದವರಾದ್ದರಿಂದ, ಕಲ್ಲಿಗೆ ಎಮ್ಮೆ ಕಟ್ಟುವ ಊರುಗಳು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿದ್ದವು.

ಪುಟಗಳು ಸೊಗಸಾಗಿ ಮೂಡಿಬಂದವು. ಊರಿನ ಹೆಸರು, ಶಾಸನದ ಪಾಠ, ಶಕವರ್ಷ, ಸಂವತ್ಸರ, ತಾತ್ಪರ್ಯ, ಎಲ್ಲವೂ ಓರಣವಾಗಿದ್ದವು. ಒಂದು ಭಾನುವಾರ, ಇದರ ಹಿಂದಿನ ಬರಹ, ಅಂದರೆ ಸೋರ್ಸ್ ಕೋಡ್ ಎಂಬುದು, ಹೇಗಿರುತ್ತದೆ ತೋರಿಸಿ ಎಂದು ಕೇಳಿದೆ. ಭಾವ ತೆರೆದು ತೋರಿಸಿದರು. ಪರದೆಯ ಈ ತುದಿಯಿಂದ ಆ ತುದಿಗೆ ಅಕ್ಷರಗಳ ಗೋಡೆ ಎದ್ದಿತ್ತು. ಸಾಲು ಮುರಿದಿಲ್ಲ, ಅಂಚು ಬಿಟ್ಟಿಲ್ಲ. ಮೂರು ತಾಲ್ಲೂಕುಗಳ ಅಷ್ಟೂ ಶಾಸನಗಳು ಒಂದೇ ಸಾಲಿನಲ್ಲಿ ಒಂದರ ಬೆನ್ನಿಗೊಂದು ಅಂಟಿಕೊಂಡಿದ್ದವು.

"ಇದನ್ನು ತಿದ್ದುವುದು ಹೇಗೆ ಭಾವ? ಒಂದೊಂದು ಶಾಸನಕ್ಕೆ ಒಂದೊಂದು ಸಾಲಾದರೂ ಬೇಡವೇ?" ಎಂದೆ.

"ಓದೋರಿಗೆ ಕಾಣೋದು ಮುಂದಿನ ಪುಟ. ಹಿಂದುಗಡೆ ನಾನು ಹೆಂಗೆ ಬರೆದ್ರೇನು? ಖಾಲಿ ಜಾಗಾನೂ ಅಕ್ಷರಾನೇ ಕಣಯ್ಯ. ನಮ್ಮೂರ ಕಡೆ ಸಿಗ್ನಲ್ಲೇ ಸರಿಯಾಗಿ ಬರಲ್ಲ, ಅದ್ರಲ್ಲಿ ನಿನ್ನ ಖಾಲಿ ಜಾಗಾನೂ ಹೊತ್ಕೊಂಡು ಬರ್ಬೇಕಾ ಪಾಪ?"

ಖಾಲಿ ಜಾಗವೂ ಅಕ್ಷರವೇ ಎಂಬುದು ಅವರ ಖಾಯಂ ಮಾತು. ಕಂಪ್ಯೂಟರಿನ ನೆನಪಿನ ಶಕ್ತಿ ತೀರ ಕಡಿಮೆಯಿದ್ದ ಕಾಲದಲ್ಲಿ ಅವರು ಆ ವಿದ್ಯೆ ಕಲಿತವರು. ಒಂದು ಫ್ಲಾಪಿಯಲ್ಲಿ ಇಡೀ ತರಗತಿಯ ಕೆಲಸ ಹಿಡಿಸಬೇಕಾಗುತ್ತಿತ್ತಂತೆ. ಆ ಮಿತವ್ಯಯ ಬೆರಳಿಗೆ ಇಳಿದುಬಿಟ್ಟಿತ್ತು.

ನಾನು ಒಪ್ಪಲಿಲ್ಲ. ಅಚ್ಚಿನ ಮನೆಯವರೊಡನೆ ಕರಡು ತಿದ್ದುವುದಕ್ಕಾಗಿ ನಡೆಸಿದ ಜಗಳಗಳನ್ನೆಲ್ಲ ಉದಾಹರಿಸಿದೆ. ಭಾವ ಕನ್ನಡಕವನ್ನು ಹಣೆಗೇರಿಸಿ ನಕ್ಕರು.

"ಅಲ್ಲಯ್ಯ ಬಾಮೈದ, ನಿನ್ನ ಕಲ್ಲು ಕೆತ್ತಿದವ್ನು ಪದಕ್ಕೂ ಪದಕ್ಕೂ ಗ್ಯಾಪ್ ಬಿಟ್ಟಿದ್ನಾ? ಸಾಲು ಮುಗೀತು ಅಂತ ಪದಾನೇ ಅರ್ಧಕ್ಕೆ ಮುರಿದವ್ನೆ. ಅವನಿಗೆ ಕೈ ಮುಗೀತೀಯ, ನನಗೆ ಬೈತೀಯ."

ಅಡುಗೆಮನೆಯಿಂದ ಅಕ್ಕ ಹೇಳಿದಳು: "ಅವ್ನು ಸತ್ತೋಗವ್ನಲ್ಲ, ಅದಕ್ಕೆ ಬೈಯಲ್ಲ. ನೀವಿನ್ನೂ ಇದೀರಲ್ಲ, ಬೈಸ್ಕೊಳಿ."

ಆ ಚರ್ಚೆ ಅಲ್ಲಿಗೆ ನಿಂತಿತು. ಮತ್ತೆ ಅದು ತಲೆಯೆತ್ತಿದ್ದು ಸಿ.ಎಸ್. ಪುರ ಹೋಬಳಿಯ ಒಂದು ಕೆರೆ ಏರಿಯ ಮೇಲೆ. ನಮ್ಮ ಪುಟ ನೋಡಿ ಹುರುಪುಗೊಂಡ ಊರಿನವರು ಕಲ್ಲಿನ ಸುತ್ತ ಗುಡಿಸಿ, ಪಕ್ಕದಲ್ಲಿ ತಗಡಿನ ಬೋರ್ಡು ನಿಲ್ಲಿಸಿದ್ದರು. ಭಾವನ ಸ್ಕೂಟರಿನಲ್ಲಿ ನಾವಿಬ್ಬರೂ ನೋಡಲು ಹೋದೆವು. ಬೋರ್ಡಿನ ಮೇಲೆ ಶಕವರ್ಷವಿತ್ತು, ಸಂವತ್ಸರವಿತ್ತು. ಆದರೆ ಆ ವರ್ಷಕ್ಕೆ ಆ ಸಂವತ್ಸರ ಬರಲು ಸಾಧ್ಯವಿರಲಿಲ್ಲ. ಅರವತ್ತು ಸಂವತ್ಸರಗಳ ಚಕ್ರ ಹಾಗೆಲ್ಲ ತಪ್ಪುವುದಿಲ್ಲ. ಚೀಲದಲ್ಲಿದ್ದ ನನ್ನ ಪ್ರತಿಯನ್ನು ನೋಡಿದೆ. ಸಂವತ್ಸರ ಈ ಕಲ್ಲಿನದೇ. ವರ್ಷ ಮಾತ್ರ ಪಕ್ಕದ ಊರಿನ ಕಲ್ಲಿನದು. ಕೆಲವು ತಿಂಗಳ ಹಿಂದೆ ಆ ಪಕ್ಕದ ಶಾಸನದ ವರ್ಷವನ್ನು ನಾನು ತಿದ್ದಿ ಕಳುಹಿಸಿದ್ದೆ. ಭಾವ ಆ ಒಂದೇ ಸಾಲಿನ ಗೋಡೆಯಲ್ಲಿ ಒಂದು ಇಟ್ಟಿಗೆ ಆಚೆ ಕೈಯಿಟ್ಟಿದ್ದರು.

ಬೋರ್ಡು ಹಾಕಿಸಿದ ಊರಿನ ಹಿರಿಯರು ಒಬ್ಬರು ಹೆಮ್ಮೆಯಿಂದ ಪಕ್ಕದಲ್ಲೇ ನಿಂತಿದ್ದರು. "ಫೋನಲ್ಲಿ ಹೆಂಗಿತ್ತೋ ಹಂಗೇ ಬರ್ಸಿದೀವಿ ಸಾ. ಒಂದಕ್ಸರ ಆಚೀಚೆ ಮಾಡಿಲ್ಲ" ಎಂದರು.

ಭಾವನ ಮುಖ ನೋಡಲಾಗಲಿಲ್ಲ. ತಮ್ಮ ಕಡೆಯ ಜನ ತಮ್ಮನ್ನು ನಂಬಿ ಬರೆಸಿದ ಬೋರ್ಡು ಅದು. ಭಾವ "ತಪ್ಪು ನಂದು ಯಜಮಾನ್ರೇ. ಬಣ್ಣ ಮಿಕ್ಕಿದ್ರೆ ಕೊಡಿ" ಎಂದು ಕೇಳಿ, ಅಂಕಿಗಳನ್ನು ಅಳಿಸಿ, ಏರಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ತಾವೇ ಬರೆಯತೊಡಗಿದರು. ಅಂಕಿಗಳು ಒಂದಕ್ಕೊಂದು ತಗುಲಿಕೊಂಡವು.

"ವಸಿ ಗ್ಯಾಪ್ ಬುಟ್ ಬರೀರಿ ಸಾ, ಜಾಗ ಬೇಕಾದಂಗೈತೆ" ಎಂದರು ಹಿರಿಯರು. ನಾನು ಕೆರೆಯ ಕಡೆ ತಿರುಗಿ ನಗು ತಡೆದುಕೊಂಡೆ.

ಹಿಂತಿರುಗುವಾಗ ಗುಬ್ಬಿಯ ಹೋಟೆಲೊಂದರಲ್ಲಿ ಕಾಫಿಗೆ ಕುಳಿತೆವು. ಕಲ್ಲು ಕೆತ್ತಿದವನ ಬಗ್ಗೆ ಅಂದು ನನ್ನನ್ನು ಕೇಳಿದ ಪ್ರಶ್ನೆಗೆ ಭಾವ ತಾವೇ ಉತ್ತರ ಹೇಳಿದರು.

"ಕಲ್ಲು ಕೆತ್ತಿದವ್ನು ಒಂದ್ಸಲ ಕೆತ್ತಿ ಎದ್ದೋದ. ಅದನ್ನ ಯಾರೂ ತಿದ್ದಂಗಿಲ್ಲ. ನಾನು ಬರೆದಿದ್ದನ್ನ ನಾಳೆ ಯಾರಾದ್ರೂ ತಿದ್ಬೇಕಲ್ಲ ಕಣಯ್ಯ. ಅವ್ರು ಕೈ ಇಡೋಕೆ ಜಾಗ ಬೇಡ್ವಾ?"

ಮರುದಿನದಿಂದ ಅವರು ಆ ಸಾಲನ್ನು ಮುರಿಯತೊಡಗಿದರು. ಪ್ರತಿ ಶಾಸನಕ್ಕೂ ಪ್ರತ್ಯೇಕ ಭಾಗ, ಪ್ರತಿ ವಿವರಕ್ಕೂ ಪ್ರತ್ಯೇಕ ಸಾಲು, ಒಳಗಿನದಕ್ಕೆ ಅಂಚಿನಿಂದ ಒಂದಿಷ್ಟು ಅಂತರ. ಮುರಿಯುತ್ತ ಪ್ರತಿಯೊಂದು ವರ್ಷವನ್ನೂ ಗಟ್ಟಿಯಾಗಿ ಓದುವರು. ನಾನು ನನ್ನ ಪ್ರತಿ ನೋಡಿ ಹೂಂಗುಟ್ಟುವೆನು. ಹೀಗೆ ಓದಿದಾಗ ಇನ್ನೂ ಕೆಲವು ತಪ್ಪುಗಳು ಹೊರಬಿದ್ದವು, ಅವುಗಳಲ್ಲಿ ಕೆಲವು ನನ್ನವೇ. ಆಗೆಲ್ಲ ಭಾವ ಹುಬ್ಬು ಮಾತ್ರ ಎತ್ತುತ್ತಿದ್ದರು. ಹೆಬ್ಬೆರಳು ಸ್ಪೇಸ್ ಬಾರಿನ ಮೇಲೆ ಇಳಿಯಲು ಕಲಿಯಿತು. ಆದರೆ ಪ್ರತಿ ಸಲವೂ ಒಂದು ಕ್ಷಣ ಹಿಂಜರಿದೇ ಇಳಿಯುತ್ತಿತ್ತು.

ತುಮಕೂರು ಮುಗಿಯಿತು, ಗುಬ್ಬಿ ಮುಗಿಯಿತು. ಅಷ್ಟರಲ್ಲಿ ಭಾವನಿಗೆ ಎದೆಯ ತೊಂದರೆ ಕಾಣಿಸಿಕೊಂಡಿತು. ಆಸ್ಪತ್ರೆಯಿಂದ ಮನೆಗೆ ಬಂದವರು ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಣಿಗಲ್ ಭಾಗ ಹಿಡಿದರು. ವಿಶ್ರಾಂತಿ ತೆಗೆದುಕೊಳ್ಳಿ ಎಂದರೆ, "ಕುಣಿಗಲ್ ಕೆರೆ ದೊಡ್ದು ಕಣಯ್ಯ. ಏರಿ ಮೇಲೆ ಹೊರಟ ಮೇಲೆ ಮಧ್ಯದಲ್ಲಿ ಕೂರಕ್ಕಾಗ್ತದಾ?" ಎನ್ನುತ್ತಿದ್ದರು. ಕೂತುಬಿಟ್ಟರು. ಒಂದು ಬೆಳಗ್ಗೆ ಕಾಫಿ ತಂದ ಅಕ್ಕ ಎಬ್ಬಿಸಿದಾಗ ಅವರು ಏಳಲಿಲ್ಲ. ಆ ದಿನಾಂಕವೊಂದನ್ನು ನಾನು ಯಾವುದರೊಡನೆಯೂ ತಾಳೆ ನೋಡಿಲ್ಲ.

ವೆಬ್‌ಸೈಟನ್ನು ಈಗ ಕುಣಿಗಲ್‌ನ ಕಾಲೇಜು ಅಧ್ಯಾಪಕಿಯೊಬ್ಬರು ನೋಡಿಕೊಳ್ಳುತ್ತಾರೆ. ಭಾವನನ್ನು ಅವರು ಕಂಡವರಲ್ಲ. ವಹಿಸಿಕೊಂಡ ವಾರದಲ್ಲೇ ಫೋನ್ ಮಾಡಿದರು.

"ಗುಬ್ಬಿ ಭಾಗದಲ್ಲಿ ಒಂದು ಹೆಸರು ತಿದ್ಬೇಕಿತ್ತು ಸರ್, ಯಾರನ್ನೂ ಕೇಳ್ದೆ ತಿದ್ಬಿಟ್ಟೆ, ಅಷ್ಟು ಸಲೀಸು. ಕುಣಿಗಲ್ ಭಾಗ ಯಾಕ್ ಸರ್ ಸ್ವಲ್ಪ ಆದ್ಮೇಲೆ ಹಿಂಗೆ ಒಂದೇ ಸಾಲಲ್ಲಿದೆ?"

ಸಿಗ್ನಲ್ ವಿಚಾರದಲ್ಲಿ ಭಾವ ಹೇಳುತ್ತಿದ್ದುದು ನಿಜವೇ ಎಂದು ಅವರನ್ನು ಕೇಳಿದೆ. ಪುಟವನ್ನು ಫೋನಿಗೆ ಕಳುಹಿಸುವಾಗ ಕಂಪ್ಯೂಟರು ಹೇಗೂ ಎಲ್ಲವನ್ನೂ ಅಡಕ ಮಾಡುತ್ತದೆ, ಖಾಲಿ ಜಾಗದ ಭಾರ ಲೆಕ್ಕಕ್ಕೆ ಬರುವಷ್ಟಿಲ್ಲ ಎಂದರು. ಭಾವನ ಮಿತವ್ಯಯದಿಂದ ಅವರ ಊರಿಗೆ ಹೆಚ್ಚೇನೂ ಉಳಿತಾಯವಾಗಿರಲಿಲ್ಲ. ಹುಟ್ಟೂರಿನ ಮೇಲಿನ ಅಕ್ಕರೆಯನ್ನು ಅವರು ಅಷ್ಟು ದಿನ ಹೆಬ್ಬೆರಳಿನಲ್ಲಿ ಎತ್ತಿ ಹಿಡಿದಿದ್ದರು, ಅಷ್ಟೆ.

"ಒಂದು ಬಟನ್ ಒತ್ತಿದ್ರೆ ಉಳಿದಿದ್ದೆಲ್ಲ ತಾನೇ ಸಾಲಾಗತ್ತೆ ಸರ್. ಮಾಡ್ಲಾ?" ಎಂದು ಆಕೆ ಕೇಳಿದರು.

"ಬೇಡಮ್ಮ" ಎಂದೆ. "ಬಟನ್ ಸಾಲು ಮುರಿಯುತ್ತದೆ. ವರ್ಷ ಓದುವುದಿಲ್ಲ."

ಈಗ ಪ್ರತಿದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋಗಿ ಕುಣಿಗಲ್ ಭಾಗವನ್ನು ಮುರಿಯುತ್ತಿದ್ದೇನೆ. ಒಂದೊಂದು ವರ್ಷವನ್ನೂ ಗಟ್ಟಿಯಾಗಿ ಓದುತ್ತೇನೆ; ನನ್ನ ಪ್ರತಿಯನ್ನು ಹಿಡಿದುಕೊಂಡು ಹೂಂಗುಟ್ಟುವ ಕೆಲಸ ಅಕ್ಕನದು. ಶಾಸನ ಒಡೆದುಹೋದ ಕಡೆ, ಮುಂದಿನ ಭಾಗ ನಷ್ಟವಾಗಿದೆ ಎಂದು ಬರೆಯುವುದು ನಮ್ಮ ಪದ್ಧತಿ. ಭಾವ ನಿಲ್ಲಿಸಿದ ಜಾಗದಲ್ಲಿ ನಾನು ಹಾಗೇನೂ ಬರೆಯಲಿಲ್ಲ. ಅವರ ಕೊನೆಯ ಸಾಲಿಗೂ ನನ್ನ ಮೊದಲ ಸಾಲಿಗೂ ನಡುವೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಓದುವವರು ನೋಡುವ ಪುಟದಲ್ಲಿ ಅದು ಯಾರಿಗೂ ಕಾಣುವುದಿಲ್ಲ.