ಬಾವಿಯೊಳಗಿನವರ ಒಪ್ಪಿಗೆ

ದೊಡ್ಡಮ್ಮನನ್ನು ಪೊಲೀಸರು ಜೀಪಿನಲ್ಲಿ ಕೂರಿಸಿಕೊಂಡು ಹೋಗಬಹುದಿತ್ತು. ದೊಡ್ಡಮ್ಮನೇ ನೀರು ಮುಟ್ಟದೆ ಹಟ ಹಿಡಿದು ಮಲಗಬಹುದಿತ್ತು. ಕಾಲರಾ ನಮ್ಮ ಬೇಲಿ ದಾಟಬಹುದಿತ್ತು. ದಾಟಿದರೆ ಮೊದಲು ಹಿಡಿಯುವುದು ನನ್ನನ್ನೇ ಎಂಬುದರಲ್ಲಿ ಸಂಶಯವಿರಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಹಿಂದಿನ ದಿನ ತಿಂದ ಹಲಸಿನ ಹಣ್ಣನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆ, ಮೂಡುಬಿದಿರೆ. ಪಕ್ಕದ ಕೇರಿಯಲ್ಲಿ ವಾಂತಿಭೇದಿ ಶುರುವಾಗಿತ್ತು. ನೆರೆಮನೆಯವರೂ ನೀರು ಸೇದುತ್ತಿದ್ದ ನಮ್ಮ ಬಾವಿಯ ಬಳಿಗೆ ಹೆಲ್ತ್ ಇನ್ಸ್‌ಪೆಕ್ಟರು ಬ್ಲೀಚಿಂಗ್ ಪುಡಿಯ ಡಬ್ಬ ಹಿಡಿದು ಬಂದರು. ದೊಡ್ಡಮ್ಮ ಜೈನರ ಕ್ರಮದಂತೆ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಮೆಲ್ಲಗೆ ಇಳಿಸುವವರು. ಅವನ್ನು ಸಾಯಿಸುವ ಪುಡಿ ಬಿದ್ದ ನೀರನ್ನು ತಾನು ಕುಡಿಯುವುದಿಲ್ಲವೆಂದು ಬಾವಿಕಟ್ಟೆಯ ಮೇಲೆ ಕೂತರು.

"ರೋಗ ಬಂದ ಊರಲ್ಲಿ ಪುಡಿ ಹಾಕ್ಲಿಕ್ಕೆ ಮನೆಯವರ ಒಪ್ಪಿಗೆ ಬೇಡ ಅಮ್ಮ. ಕಾನೂನು ಉಂಟು."

"ಮನೆಯವರದ್ದು ಬೇಡ, ಸರಿ. ಬಾವಿಯೊಳಗೆ ಇರುವವರದ್ದು?"

"ಅವರ ಸಹಿ ಬೇಕೂಂತ ಎಲ್ಲಿಯೂ ಬರೆದಿಲ್ಲ."

"ಬೇಡಾಂತ ಬರೆದದ್ದುಂಟಾ?"

ಇಬ್ಬರೂ ನನ್ನತ್ತ ನೋಡಿದರು. ನಾನಾಗ ಬಂಟ್ವಾಳದ ವಕೀಲರೊಬ್ಬರ ಬಳಿ ಗುಮಾಸ್ತ.

"ಎರಡೂ ಕಡೆ ನ್ಯಾಯ ಉಂಟು," ಎಂದೆ.

"ಇದಕ್ಕೇ ವಕೀಲರು ಇವನನ್ನು ಕೋರ್ಟಿನ ಒಳಗೆ ಕರಕೊಂಡು ಹೋಗುವುದಿಲ್ಲ," ಎಂದರು ದೊಡ್ಡಮ್ಮ. ಆಮೇಲೆ ಇನ್ಸ್‌ಪೆಕ್ಟರತ್ತ ತಿರುಗಿ ಹೇಳಿದರು, "ನಾನು ಸೋಸಿ ಹಂಡೆಗೆ ತುಂಬಿಸ್ತೇನೆ. ಪುಡಿ ಹಂಡೆಗೆ ಹಾಕಿ. ಸೋಸಿದ ಮೇಲೂ ಉಳಿದವರು ನಿಮ್ಮ ಪಾಲಿಗೆ."

"ಹಾಗಾದರೆ ಎಲ್ಲರಿಗೂ ಹಂಡೆಯ ನೀರೇ. ಬೇರೆ ಯಾರ ಕೊಡಪಾನವೂ ಬಾವಿಗೆ ಇಳಿಯಬಾರದು."

"ಆಯಿತು. ಸೇದ್ಲಿಕ್ಕೆ ಇವನಿದ್ದಾನೆ."

ನಾನು ಸೇದಿದೆ, ಅವರು ಸೋಸಿದರು. ಇನ್ಸ್‌ಪೆಕ್ಟರು ಹಂಡೆಗೆ ಅಳತೆಯಂತೆ ಪುಡಿ ಹಾಕಿದರು. ಆಮೇಲೆ ನನ್ನ ಹೆದರಿದ ಮುಖ ನೋಡಿ, ಧೈರ್ಯಕ್ಕೆಂದು ಇನ್ನೊಂದಿಷ್ಟು ಹಾಕಿದರು. ಅವರು ಹೇಳಿದಷ್ಟು ಹೊತ್ತು ಕಾದು ದೊಡ್ಡಮ್ಮ ಮೊದಲ ಲೋಟವನ್ನು ಮುಖ ಒಂದಿಷ್ಟೂ ಕಿವಿಚದೆ ತಳದವರೆಗೆ ಕುಡಿದರು.

ಪೊಲೀಸರು ಬರಲಿಲ್ಲ. ರೋಗ ಬೇಲಿ ದಾಟಲಿಲ್ಲ. ನನ್ನ ಹೊಟ್ಟೆಯೂ ಸಂಜೆಗೆ ಸುಮ್ಮನಾಯಿತು. ಕೆಟ್ಟದ್ದು ಒಂದೇ, ನೀರಿನ ರುಚಿ. ಮನೆಗೆ ಬಂದವರಿಗೆ ಕೊಡುವಂತೆ ದೊಡ್ಡಮ್ಮ ಇನ್ಸ್‌ಪೆಕ್ಟರಿಗೂ ಒಂದು ತುಂಡು ಬೆಲ್ಲ, ಅದೇ ಹಂಡೆಯ ಒಂದು ಲೋಟ ನೀರು ತಂದಿಟ್ಟರು. ಅವರು ಬೆಲ್ಲ ಕಚ್ಚಿದರು, ಒಂದು ಗುಟುಕು ಕುಡಿದರು, ಲೋಟವನ್ನು ಬಹಳ ಜಾಗ್ರತೆಯಿಂದ ಕೆಳಗಿಟ್ಟು ಅಂಗಳದ ತೆಂಗಿನ ಮರದಲ್ಲಿದ್ದ ಎಳನೀರಿನ ಗೊನೆಯನ್ನು ನೋಡಿದರು.

"ಅಮ್ಮ, ಒಂದು ಬೊಂಡ ಸಿಗಬಹುದಾ?"