ಕೈಯಲ್ಲಿ ಕರುಳು, ಫೋನಿನಲ್ಲಿ ಗುರು

ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು ಶಾಂಭವಿ, ಸಂಡೂರಿನ ಲಾರಿ ಮಾಲೀಕರ ಮನೆಗೆ ಸೊಸೆಯಾಗಿ ಬಂದವಳು. ಊರಿನ ಸಣ್ಣ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕಿರಿಯ ಡಾಕ್ಟರು. ಬೆಳಿಗ್ಗೆ ಮನೆಮಂದಿಗೆಲ್ಲ ರೊಟ್ಟಿ ಬಡಿದಿಟ್ಟೇ ಕೆಲಸಕ್ಕೆ ಹೊರಡುತ್ತಿದ್ದಳು. ಅತ್ತೆ ಸಂಗಮ್ಮನಾಗಲಿ, ಗಂಡ ಹಂಪೇಶನಾಗಲಿ ಅವಳ ಕೈಯಿಂದ ರೊಟ್ಟಿ ಹಿಟ್ಟನ್ನು ಒಮ್ಮೆಯೂ ಕಸಿದುಕೊಂಡವರಲ್ಲ. ಕತ್ತರಿಯನ್ನು ಮಾತ್ರ ಗುರುಗಳು ತಪ್ಪದೆ ಕಸಿದುಕೊಳ್ಳುತ್ತಿದ್ದರು.

ಗುರುಗಳು ಡಾಕ್ಟರ್ ಅಂದಾನಪ್ಪ, ವಾರಕ್ಕೊಮ್ಮೆ ಹೊಸಪೇಟೆಯಿಂದ ಬರುವವರು. ಎದುರಿಗೆ ನಿಂತು ಕಲಿಸುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ಅವಳ ಬೆರಳನ್ನು ತಮ್ಮ ಬೆರಳಿನಿಂದ ಒತ್ತಿ, ಇದು ರಕ್ತನಾಳ, ಇದು ಕರುಳು ಎಂದು ಮುಟ್ಟಿಸಿ ತೋರಿಸುವರು. ಕಷ್ಟದ ಘಟ್ಟ ಬಂತೆಂದರೆ, "ಕೊಡವ್ವಾ ಇಲ್ಲಿ" ಎಂದು ತಾವೇ ಮುಗಿಸುವರು. ಜೊತೆಯ ಕಿರಿಯ ಡಾಕ್ಟರ್ ರೇವಣಸಿದ್ದನಿಗಾದರೆ, "ಹೆದರ್ತೀ ಯಾಕಲೇ, ಮಾಡು" ಎನ್ನುವರು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ, ಗಣಿಯಲ್ಲಿ ಅದಿರು ಒಡೆಯುವ ಎರ್ರೆಮ್ಮ ವಾಂತಿ ಮಾಡುತ್ತ ಬಂದಳು. ತೊಡೆಸಂದಿಯಲ್ಲಿ ಗಂಟು. ಒಳಗಿನ ಕರುಳು ಅಲ್ಲಿಗೆ ಜಾರಿ ಸಿಕ್ಕಿಹಾಕಿಕೊಂಡಿತ್ತು.

"ಗಂಟು ಬಂದು ಭಾಳ ದಿನ ಆತೇನವ್ವ?" ಶಾಂಭವಿ ಕೇಳಿದಳು.

"ನಾಕು ಉಗಾದಿ ಆತ್ರಿ. ಮಲಗಿದ್ರ ಒಳಗ ಹೋಗ್ತಿತ್ತು. ನನ್ನ ಮಲಗಾಕ ಬಿಟ್ಟೋರ್ಯಾರು?"

ಹೊಸಪೇಟೆಗೆ ಕಳಿಸೋಣವೆಂದರೆ ದಾರಿಯಲ್ಲಿ ಅದಿರಿನ ಲಾರಿ ಮಗುಚಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅಂದು ಅಂದಾನಪ್ಪನವರು ಬರುವ ದಿನ; ಅತ್ತ ಅದೇ ಸಾಲಿನಲ್ಲಿ ಅವರ ಕಾರೂ ಸಿಕ್ಕಿಬಿದ್ದಿತ್ತು. ಶಾಂಭವಿ ಫೋನು ಮಾಡಿದಳು.

"ಕೈ ಹಚ್ಚಬ್ಯಾಡ. ನಾ ಬರೋತನ ತಡಿ," ಎಂದರು.

"ತಡದ್ರ ಕರುಳು ಕೊಳೀತದ ಸಾರ್."

"ರೇವಣಸಿದ್ದ ಎಲ್ಲಿದಾನ?"

"ರಜಾದಾಗ ಅದಾನ್ರಿ. ನಾನಿದೀನಿ."

ಲಾರಿಗಳ ಹಾರನ್ನಿನ ನಡುವೆ ಅವರು ಕೊನೆಗೆ, "ಆತು, ಶುರು ಮಾಡು" ಎಂದರು. ಅರಿವಳಿಕೆಯ ಡಾಕ್ಟರ್ ಬಸವರಾಜ್ ಎರ್ರೆಮ್ಮನನ್ನು ಮಲಗಿಸಿದರು. ನರ್ಸ್ ನಿಂಗಕ್ಕ ಶಾಂಭವಿಯ ಮೊಬೈಲಿನ ಸ್ಪೀಕರ್ ಹಾಕಿ ಹಿಡಿದು ನಿಂತಳು.

"ಮೊದಲ ಕರುಳು ಹಿಡ್ಕೊ. ಬಿಗಿ ಬಿಡಿಸಿದ ಕೂಡ್ಲೆ ಒಳಗ ಜಾರಿಬಿಡ್ತದ. ಹೇಳ್ತಾ ಹೋಗು. ನನಗ ಕಾಣಂಗಿಲ್ಲ."

ಗುರುಗಳ ಎದುರಿಗೆ ಅವಳು ಬಾಯಿ ಬಿಟ್ಟವಳೇ ಅಲ್ಲ. ಈಗ ಕೈ ಮಾಡಿದ್ದನ್ನೆಲ್ಲ ಬಾಯಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ಅಷ್ಟರಲ್ಲಿ ಫೋನು ಬೀಪ್ ಎಂದಿತು.

"ಮನಿಯಿಂದ ಬರಾಕತ್ತೈತ್ರಿ ಡಾಕ್ಟ್ರೇ," ಎಂದಳು ನಿಂಗಕ್ಕ. "ಶೇಂಗಾ ಚಟ್ನಿ ಡಬ್ಬಿ ಸಿಕ್ಕಿರಲಿಕ್ಕಿಲ್ಲ."

"ಕಟ್ ಮಾಡು."

ಬಿಗಿ ಬಿಟ್ಟಿತು. ಅವಳ ಕೈಯಲ್ಲಿದ್ದ ಕರುಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಸತ್ತಿದ್ದರೆ ಅಷ್ಟು ಭಾಗವನ್ನು ಕತ್ತರಿಸಿ ಜೋಡಿಸಬೇಕು. ಬದುಕಿದ್ದರೆ ಹಾಗೇ ಒಳಗೆ ಬಿಡಬೇಕು. ಸತ್ತ ಕರುಳನ್ನು ಒಳಗೆ ಬಿಟ್ಟರೆ ಎರ್ರೆಮ್ಮ ಉಳಿಯುವುದಿಲ್ಲ.

"ಕತ್ತರಿಸಿಬಿಡು," ಎಂದಿತು ಫೋನು.

ಅವಳು ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಕರುಳಿಗೆ ಸುತ್ತಿ ಕಾದಳು. ಬಿಚ್ಚಿದಾಗ ಅಂಚಿನಿಂದ ಕೆಂಪು ಹರಡುತ್ತಿತ್ತು. ಬೆರಳಿನಿಂದ ಮೆಲ್ಲಗೆ ಚಿವುಟಿದಳು, ಕರುಳು ಮಿಸುಕಿತು. ಆ ಮಿಸುಕಾಟದ ಗುರುತನ್ನು ಅವಳ ಬೆರಳಿಗೆ ಹಿಡಿಸಿದವರು ಅಂದಾನಪ್ಪನವರೇ. ಆದರೆ ಅವರು ಪಕ್ಕದಲ್ಲಿದ್ದಿದ್ದರೆ ಇಷ್ಟೊತ್ತಿಗೆ ಕತ್ತರಿ ಅವರ ಕೈಯಲ್ಲಿರುತ್ತಿತ್ತು.

"ಜೀವ ಐತಿ ಸಾರ್. ನಾ ಕತ್ತರಿಸಂಗಿಲ್ಲ."

ಹಾರನ್ನುಗಳ ನಡುವೆ ಅವರೆಂದರು, "ನೋಡಾಕತ್ತಿರೋಳು ನೀನು. ನೀ ಹೇಳಿದಂಗ ಆಗ್ಲಿ."

ಮೈಯೆಲ್ಲ ಕೆಂಧೂಳಾಗಿ ಅವರು ಬಂದಾಗ ಶಾಂಭವಿ ಕೊನೆಯ ಹೊಲಿಗೆ ಹಾಕುತ್ತಿದ್ದಳು. ರೂಢಿಯಂತೆ ಕೈ ತೊಳೆಯಲು ನಲ್ಲಿಯ ಕಡೆ ಹೊರಟರು.

"ಕೈ ತೊಳೀಬ್ಯಾಡ್ರಿ ಸಾರ್. ಮುಗೀತು. ಕುಂದ್ರಿ."

ಅವರು ಕುಳಿತರು. ಆದರೆ ಮುಗಿದಿರಲಿಲ್ಲ. ಕರುಳು ಕೆಲಸ ಶುರು ಮಾಡಿತೆನ್ನಲು ಎರ್ರೆಮ್ಮನಿಗೆ ಗಾಳಿ ಹೋಗಬೇಕಿತ್ತು. ಮಾರನೆಯ ದಿನವೂ ಹೋಗಲಿಲ್ಲ. ಶಾಂಭವಿಗೆ ಊಟ ಸೇರಲಿಲ್ಲ. ಮೂರನೆಯ ಬೆಳಿಗ್ಗೆ ಎರ್ರೆಮ್ಮ ವಾರ್ಡಿಗೆಲ್ಲ ಕೇಳುವಂತೆ ಹೂಸು ಬಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಾಚಬ್ಯಾಡ ಎರ್ರೆಮ್ಮ, ಇನ್ನೊಂದು ಬಿಡು!" ಎಂದಳು ನಿಂಗಕ್ಕ.

ಶಾಂಭವಿ ಮೊಬೈಲು ತೆಗೆದು ಹೊಸಪೇಟೆಗೆ ಹಚ್ಚಿದಳು. "ಸಾರ್, ಕೇಳಿಸ್ತೇನ್ರಿ?" ಎಂದು ನಗುತ್ತ, ಇನ್ನೊಂದು ಕೈಯಿಂದ ಎರ್ರೆಮ್ಮನ ತುಟಿಗೆ ಗಂಜಿಯ ಮೊದಲ ಚಮಚ ಹಿಡಿದಳು.