ಲಗಮವ್ವನ ಎಮ್ಮೆ, ಮಗನ ಏಸಿ

ಅಂಕಲಿಯ ಲಗಮವ್ವನಿಗೆ ಈಗ ಬೆಳಿಗ್ಗೆ ಎದ್ದು ಮಾಡುವ ಕೆಲಸವೇ ಇಲ್ಲ. ಸುಖ ಅಂತೀರಾ? ಆಕೆಯ ಎದುರು ಹೋಗಿ ಅನ್ನಿ ನೋಡೋಣ, ನಿಮಗೆ ಸರಿಯಾಗಿ ಮಂಗಳಾರತಿ ಆಗುತ್ತದೆ. ಗಂಡ ಸತ್ತಾಗ ಮಗ ಅಮೋಘಸಿದ್ದ ಇನ್ನೂ ಅಂಗನವಾಡಿಯ ಕೂಸು. ಮೈದುನರು ತುಂಡು ಹೊಲ ತೋರಿಸಿ ಕೈತೊಳೆದುಕೊಂಡರು. ಲಗಮವ್ವ ತವರಿನಿಂದ ಒಂದು ಎಮ್ಮೆ ಹೊಡೆದುಕೊಂಡು ಬಂದಳು. ಅದರ ಹಾಲನ್ನು ಡೇರಿಗೆ ಹಾಕಿಯೇ ಮಗನನ್ನು ಓದಿಸಿದಳು, ಮನೆ ಕಟ್ಟಿಸಿದಳು, ಅವನಿಗೆ ಚಿಕ್ಕೋಡಿಯ ಪತ್ತಿನ ಸಹಕಾರ ಸಂಘವೊಂದರಲ್ಲಿ ನೌಕರಿ ಹತ್ತುವ ತನಕ ಯಾರ ಮುಂದೆಯೂ ಕೈಚಾಚಲಿಲ್ಲ. ಮೊನ್ನೆಮೊನ್ನೆಯವರೆಗೆ ಶೆಡ್ಡಿನಲ್ಲಿದ್ದ ಎರಡು ಎಮ್ಮೆಗಳು ಆ ಮೊದಲಿನ ಎಮ್ಮೆಯ ಕುಲದವೇ. ಊರಲ್ಲಿ ಆಕೆಯನ್ನು ಎಮ್ಮಿ ಲಗಮವ್ವ ಎಂದೇ ಕರೆಯುತ್ತಿದ್ದರು, ಆಕೆಗೂ ಅದು ಖುಷಿಯೇ ಆಗಿತ್ತು.

ಸೊಸೆ ಉಜ್ವಲಾ ಬಂದಳು, ಹಿಂದೆಯೇ ಏಸಿ ಬಂತು ಅಂತ ಓಣಿಯವರು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ನಿಪ್ಪಾಣಿಯ ಆ ಹುಡುಗಿ ಪಾಪದವಳು, ಫ್ಯಾನು ಸಾಕು ಅಂದಿದ್ದಳು. ಏಸಿ ಬೇಕಾಗಿದ್ದು ಅಮೋಘಸಿದ್ದನಿಗೆ. ಜೊತೆಯ ನೌಕರರ ಮನೆಯಲ್ಲೆಲ್ಲ ಬಂದಿತ್ತಲ್ಲ, ಇವನ ಮನೆಯಲ್ಲಿ ಇಲ್ಲದಿದ್ದರೆ ಹೇಗೆ?

ಅದರ ಹೊರಗಿನ ಪೆಟ್ಟಿಗೆಯನ್ನು ಎಲ್ಲಿ ತೂಗುಹಾಕುವುದು ಎಂಬ ಮಾತು ಬಂತು. ಒಂದು ಗೋಡೆಯ ಆಚೆ ಮೈದುನನ ಅಂಗಳ, ಬಿಸಿಗಾಳಿ ಅತ್ತ ಬಿಟ್ಟರೆ ಜಗಳ ಗ್ಯಾರಂಟಿ. ಬೀದಿ ಕಡೆ ಹಚ್ಚಿದರೆ ಕಬ್ಬಿನ ಟ್ರ್ಯಾಕ್ಟರು ತಾಗುತ್ತದೆ. ದನದ ಶೆಡ್ಡಿನ ಗೋಡೆ ನೆರಳಿನಲ್ಲಿದೆ, ಕಳ್ಳರ ಕಾಟವಿಲ್ಲ, ಅಲ್ಲೇ ಹಚ್ಚಿರಿ ಎಂದು ಲಗಮವ್ವನೇ ಹೇಳಿದಳು. ತನ್ನ ಕೈಯಾರೆ ತನ್ನ ಎಮ್ಮೆಗಳ ನೆತ್ತಿಯ ಮೇಲೆ ಆ ಪೆಟ್ಟಿಗೆಯನ್ನು ಕೂರಿಸಿಕೊಂಡಳು.

ಮೊದಲ ಬೇಸಿಗೆ ಅದು ಎಮ್ಮೆಗಳ ಮೇಲೆ ಬಿಸಿ ಉಗುಳಿತು. ಹಾಲು ಇಳಿಯಿತು. ಲಗಮವ್ವ ಗೂಟ ಕಿತ್ತು ಎಮ್ಮೆಗಳನ್ನು ಅತ್ತ ತುದಿಗೆ ಕಟ್ಟಿ ಸುಮ್ಮನಾದಳು. ಮರುವರ್ಷ ಏಸಿ ತಂಪು ಕೊಡುವುದನ್ನೇ ಬಿಟ್ಟಿತು. ಚಿಕ್ಕೋಡಿಯಿಂದ ಮೆಕ್ಯಾನಿಕ್ ವಿಕ್ರಾಂತ ಬಂದು ಗ್ಯಾಸ್ ತುಂಬಿ ಹೋದ. ಅದರ ಮರುವರ್ಷ ಮತ್ತೆ ಅದೇ ಹಾಡು. ಈ ಸಲ ಅವನು ಪೆಟ್ಟಿಗೆ ಬಿಚ್ಚಿ ಒಳಗಿನ ತಾಮ್ರದ ಕೊಳವೆ ತೋರಿಸಿದ. ಕಪ್ಪಾಗಿ ತೂತು ಬಿದ್ದಿತ್ತು. ದನದ ಗಂಜಲದಿಂದ ಏಳುವ ಘಾಟಿನ ಹಬೆ ತಾಮ್ರವನ್ನು ತಿಂದುಹಾಕುತ್ತದಂತೆ.

"ಕಂಪನಿಯವರು ಹತ್ತ ವರ್ಷ ಅಂತಾರ್ರಿ. ಈ ಹವಾದಾಗ ಮೂರ ವರ್ಷ ಬಂದ್ರ ಅದ ಹೆಚ್ಚು," ಅಂದ ವಿಕ್ರಾಂತ, ತೂತಿಗೆ ಬೆಸುಗೆ ಹಾಕಿ ಮತ್ತೆ ಗ್ಯಾಸ್ ತುಂಬುತ್ತ.

ಅಂದು ಸಂಜೆಯೇ ಅಮೋಘಸಿದ್ದ ತಾಯಿಯ ಪಕ್ಕ ಬಂದು ಕುಳಿತ. ದನಿಯಲ್ಲಿ ಬೆಣ್ಣೆ. "ಎಮ್ಮಿ ಕೊಟ್ಟಬಿಡೋಣ ಅವ್ವಾ. ನಿನಗೂ ವಯಸ್ಸಾತು, ಆರಾಮ ಇರು."

ಲಗಮವ್ವ ಹೂಂ ಅನ್ನಲಿಲ್ಲ. ಶೆಡ್ಡು ಸ್ವಚ್ಛವಿದ್ದರೆ ಹಬೆ ಏಳುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದಳು. ಆ ಬೇಸಿಗೆ ಪೂರ್ತಿ, ನೋಯುವ ಮೊಣಕಾಲು ಹಿಡಿದುಕೊಂಡು, ಕೊಡಗಟ್ಟಲೆ ನೀರು ಹೊತ್ತು ಶೆಡ್ಡು ತೊಳೆದಳು. ಸುಣ್ಣ ಚೆಲ್ಲಿದಳು, ಬೂದಿ ಹರವಿದಳು, ಎಮ್ಮೆ ಗಂಜಲ ಬಿಟ್ಟ ಕೂಡಲೇ ಓಡಿ ಹೋಗಿ ನೀರು ಹಾಕಿದಳು. ಆ ವಯಸ್ಸಿನಲ್ಲಿ ಒಂದು ಯಂತ್ರಕ್ಕೆ ಬಾಣಂತನ ಮಾಡುವ ಗತಿ ಬಂತು ನೋಡಿ. ಉಜ್ವಲಾ ನೋಡಲಾರದೆ ತಾನೂ ಪೊರಕೆ ಹಿಡಿದಳು. ಮಗ ಮಾತ್ರ ಎಲ್ಲವನ್ನೂ ನೋಡುತ್ತಾ ಇದ್ದ. ಗ್ಯಾಸ್ ಮತ್ತೆ ಹೋಯಿತು.

ಆಮೇಲೆ ಲಗಮವ್ವ ಒಪ್ಪಿದಳು, ಎಮ್ಮೆ ಕೊಂಡ ಭೋಜ ಊರಿನ ಬಾಳಾಸಾಬ ಟೆಂಪೋ ತಂದ. ದನ ಕೊಟ್ಟರೂ ಮನೆಯ ಹಗ್ಗ ಕೊಡುವುದಿಲ್ಲವಲ್ಲ, ಅವನೇ ಹೊಸ ಹಗ್ಗ ತಂದಿದ್ದ. ಲಗಮವ್ವ ಎರಡೂ ಎಮ್ಮೆಗಳ ಹಣೆಗೆ ಕುಂಕುಮ ಹಚ್ಚಿ, ಕೊರಳ ಹಗ್ಗ ಬಿಚ್ಚಿಕೊಂಡಳು. ಹಿರಿಯದು ಗಬ್ಬವಾಗಿದೆ, ತಗ್ಗಿನ ದಾರಿಯಲ್ಲಿ ನಿಧಾನ ಹೋಗು ಎಂದು ಅವನಿಗೆ ಹೇಳಿದಳು.

ಮನೆಗೆ ಪಾಕೀಟಿನ ಹಾಲು ಬರತೊಡಗಿತು. ಹಿಂದಿನ ಓಣಿಯ ಕೆಂಚವ್ವ ತನ್ನ ಎಮ್ಮೆ ಕರು ಹಾಕಿತೆಂದು ಒಂದು ದಿನ ಬಟ್ಟಲು ತುಂಬ ಗಿಣ್ಣ ತಂದುಕೊಟ್ಟಳು. ಇಷ್ಟು ವರ್ಷ ಓಣಿಗೆಲ್ಲ ಗಿಣ್ಣ ಹಂಚಿದವಳು ಲಗಮವ್ವ. ಈಗ ಇಸಿದುಕೊಳ್ಳುವ ಸರದಿ ಆಕೆಯದಾಯಿತು. ನಗುತ್ತಲೇ ಇಸಿದುಕೊಂಡು ಸೊಸೆಯ ಕೈಗಿಟ್ಟಳು, ತಾನು ನಾಲಿಗೆಗೂ ಹಚ್ಚಲಿಲ್ಲ.

ಇಷ್ಟಾದ ಮೇಲೆ ಏಸಿಯಾದರೂ ಬಾಳಿತೇ? ಇಲ್ಲ. ತಿಂದುಹೋದ ತಾಮ್ರ ಎಮ್ಮೆ ಹೋದವೆಂದು ಮತ್ತೆ ಬೆಳೆಯುತ್ತದೆಯೇ? ಈ ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿದು ಅದರ ಬೋರ್ಡೂ ಸುಟ್ಟಿತು. ರಿಪೇರಿ ಮಾಡಿಸುವುದರಲ್ಲಿ ಅರ್ಥವಿಲ್ಲ ಎಂದ ವಿಕ್ರಾಂತ. ಅಮೋಘಸಿದ್ದ ಹೊಸದು ತಂದ.

ಹೊಸದನ್ನು ಕೂರಿಸುವ ದಿನ ಲಗಮವ್ವ ಖಾಲಿ ಶೆಡ್ಡಿನ ಮುಂದೆ ಕುಳಿತಿದ್ದಳು. ವಿಕ್ರಾಂತ ಏಣಿ ಹಚ್ಚಿ ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ಏರಿಸಿದ. ಏಸಿಯ ಒಳಗಿನ ಪೆಟ್ಟಿಗೆಯೂ ಹೊರಗಿನದೂ ಒಂದೇ ಗೋಡೆಗೆ ಇರಬೇಕೆಂದು ಆಕೆ ಇಷ್ಟು ದಿನ ನಂಬಿದ್ದಳು. ಅವನು ನೀರು ಕುಡಿಯಲು ಕೆಳಗಿಳಿದಾಗ, ಅಲ್ಲಿಯೂ ಇಡಲು ಬರುತ್ತದೆಯೇ ಎಂದು ಕೇಳಿದಳು.

"ಬರತೈತ್ರಿ ಆಯಿ, ಪೈಪ್ ಸ್ವಲ್ಪ ಉದ್ದ ಬೇಕು, ಅಷ್ಟ."

"ಮತ್ತ ಆವಾಗ ಯಾಕ ಹೇಳಲಿಲ್ಲೋ ಯಪ್ಪಾ?"

"ಅಣ್ಣಾರಿಗೆ ಹೇಳಿದ್ನೆಲ್ರಿ, ಮೊದಲನೇ ಸಲ ಗ್ಯಾಸ್ ಹ್ವಾದಾಗನ. ಎಮ್ಮಿ ಹೆಂಗೂ ತಗಿಯೂದೈತಿ, ಇರಲಿ ಬಿಡು ಅಂದ್ರು."

ಅಮೋಘಸಿದ್ದ ಏಣಿಯ ಬುಡದಲ್ಲೇ ನಿಂತಿದ್ದ. ಲಗಮವ್ವ ಅವನನ್ನು ನೋಡಿದಳು. ಆಫೀಸಿನ ಗೆಳೆಯರು ಬಂದಾಗಲೆಲ್ಲ ಅವನು ಶೆಡ್ಡಿನ ಕಡೆಯ ಹಿತ್ತಿಲ ಬಾಗಿಲು ಮುಚ್ಚುತ್ತಿದ್ದದ್ದು ಯಾಕೆಂದು ಆಕೆಗೆ ಈಗ ತಿಳಿಯಿತು. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು.

"ಸಗಣಿ ವಾಸನಿ ಬರತೈತಿ ಅಂತ ನನಗ ಹೇಳಿದ್ರ ನಾನ ಕೊಟ್ಟಬಿಡತಿದ್ನೆಲ್ಲೋ," ಅಂದಳು. "ಒಂದ ಬ್ಯಾಸಗಿ ಪೂರ್ತಿ ನನ್ನ ಕಡಿಂದ ಶೆಡ್ಡ ಯಾಕ ತೊಳಸಿದಿ?"

ಅಮೋಘಸಿದ್ದ, ಕತ್ತಲಾಗುವುದರೊಳಗೆ ಮುಗಿಸು ಎಂದು ವಿಕ್ರಾಂತನಿಗೆ ಹೇಳಿ ಒಳಗೆ ಹೋದ.